ಕಾರಿನಲ್ಲಿ ಸಿಕ್ಕ ಕಡಲೆಕಾಯಿ ಸಿಪ್ಪೆ

ಟಾರ್ ಕ್ರೀಕ್ ರೇಸ್ ಟ್ರ್ಯಾಕಿನಲ್ಲಿ ಕಾರುಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಜಾಗಕ್ಕೆ ಪಿಟ್ ಎನ್ನುತ್ತಾರೆ. ಅದಕ್ಕೆ ಬೇರೆಯದೇ ಒಂದು ಗೇಟು. ಶನಿವಾರ ಸಂಜೆ ಮಿಕ್ಕವರೆಲ್ಲ ಅಲ್ಲಿ ಪಾಸು ತೋರಿಸಿ ಒಳಗೆ ಹೋದರೆ, ಟ್ರೀನಾ ಬ್ಲೆಡ್ಸೋ ಮಾತ್ರ ಪಾಸಿನ ಜೊತೆಗೆ ತನ್ನ ಪ್ಯಾಂಟಿನ ಜೇಬುಗಳನ್ನೆಲ್ಲ ಹೊರಕ್ಕೆ ಎಳೆದು ತೋರಿಸಬೇಕಿತ್ತು.

"ಶೂ ಕೊಡವು ಮಗಳೇ" ಎನ್ನುತ್ತಿದ್ದ ಗೇಟಿನ ಮುದುಕ.

"ಕೊಡವಿದೀನಿ ತಾತ."

"ಇನ್ನೊಂದ್ಸಲ ಕೊಡವು. ನಿನ್ನ ಮೇಲೆ ಅನುಮಾನ ಅಂತಲ್ಲ, ನಿಮ್ಮಜ್ಜಿ ಮೇಲೆ."

ಅಜ್ಜಿ ಆರ್ಡೆಲ್ ಅದೇ ಗೇಟಿನಿಂದ ಕೂಗಳತೆ ದೂರದಲ್ಲಿ, ರಸ್ತೆ ಬದಿಯಲ್ಲಿ, ತನ್ನ ಹಳೆಯ ಪಿಕಪ್ ಗಾಡಿಯ ಹಿಂಬದಿಯಲ್ಲಿ ದೊಡ್ಡ ಕಬ್ಬಿಣದ ಹಂಡೆ ಇಟ್ಟುಕೊಂಡು ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಉತ್ತರ ಕೆರೊಲಿನಾದ ಆ ಸೀಮೆಯಲ್ಲಿ ಬೇಯಿಸಿದ ಕಡಲೆಕಾಯಿ ತಿನ್ನದೆ ರೇಸ್ ನೋಡುವವರಿಲ್ಲ. ಆದರೆ ಸಿಪ್ಪೆ ಇರುವ ಕಡಲೆಕಾಯಿ ಬೇಲಿ ದಾಟಿ ಪಿಟ್ ಒಳಗೆ ಬಂದರೆ ಅವತ್ತು ಯಾರದೋ ಕಾರು ಗೋಡೆಗೆ ಬಡಿಯುವುದು ಖಂಡಿತ ಎಂದು ರೇಸಿನವರ ನಂಬಿಕೆ. ಇದನ್ನು ಮೊದಲು ಹೇಳಿದವರು ಯಾರು ಎಂದು ಯಾರಿಗೂ ಗೊತ್ತಿಲ್ಲ. ಹಸಿರು ಬಣ್ಣದ ಕಾರೂ ಅವರಿಗೆ ಆಗದು. ರೇಸ್ ಶುರುವಾಗುವುದೇ ಹಸಿರು ಬಾವುಟದಿಂದ ಅಲ್ಲವೇ ಎಂದು ಕೇಳಿದರೆ, ಅದು ಬಾವುಟ, ಕಾರಲ್ಲ ಎಂದು ಗಂಭೀರವಾಗಿ ಹೇಳುತ್ತಾರೆ.

ಅಂಥವರ ನಡುವೆ ಕಡಲೆಕಾಯಿ ಅಜ್ಜಿಯ ಮೊಮ್ಮಗಳು ರೇಸ್ ಕಾರು ಓಡಿಸಲು ಹೊರಟಿದ್ದಳು.

ಟ್ರೀನಾಳ ತಾಯಿಗೆ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಗಾಗಿ ಹುಡುಗಿ ಬೆಳೆದದ್ದು ಅಜ್ಜಿಯ ಪಿಕಪ್ಪಿನಲ್ಲೇ. ಕಾಲು ಪೆಡಲಿಗೆ ಎಟುಕಲು ಶುರುವಾದಾಗಿನಿಂದ ಅವಳೇ ಅದನ್ನು ಹೊಲದ ದಾರಿಯಲ್ಲಿ ಓಡಿಸುತ್ತಿದ್ದಳು. ಹಿಂದೆ ಹಂಡೆ ತುಂಬ ಬಿಸಿ ಉಪ್ಪುನೀರು, ಹಂಡೆಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಅಜ್ಜಿ. ತಿರುವಿನಲ್ಲಿ ನೀರು ತುಳುಕಿದರೆ ಅಜ್ಜಿ ಹಿಂದಿನ ಗಾಜಿಗೆ ಸೌಟಿನಿಂದ ಬಡಿಯುತ್ತಿದ್ದಳು.

"ಕಾಲು ಸುಟ್ಟಿತು ಕಣೇ. ನಿಧಾನ."

"ನಿಧಾನಾನೇ ಹೋಗ್ತಿದೀನಿ ಅಜ್ಜಿ."

"ನಿಧಾನ ಹೋಗು ಅಂದೋರ್ಯಾರು? ನಿಧಾನವಾಗಿ ತಿರುಗಿಸು, ಜೋರಾಗೇ ಹೋಗು. ಮೊದಲನೇ ಗಿರಾಕಿ ಕಾಯ್ತಿರ್ತಾನೆ."

ಹೀಗೆ ಟ್ರೀನಾ ನೀರು ತುಳುಕದಂತೆ ಜೋರಾಗಿ ಹೋಗುವುದನ್ನು ಕಲಿತಳು. ರೇಸಿಗೆ ಬೇಕಾದದ್ದೂ ಅದೇ ಎಂದು ಅವಳಿಗೆ ಆಗ ತಿಳಿದಿರಲಿಲ್ಲ.

ಹಂಡೆಯ ಪಕ್ಕದಲ್ಲಿ ಒಂದು ಸಣ್ಣ ಪಾತ್ರೆಯೂ ಇರುತ್ತಿತ್ತು. ಅದರಲ್ಲಿ ಅಜ್ಜಿ ಉಪ್ಪೇ ಹಾಕದೆ ಒಂದಿಷ್ಟು ಕಡಲೆಕಾಯಿ ಬೇಯಿಸುತ್ತಿದ್ದಳು. ಅದು ಯಾರಿಗೆ ಎಂದು ಟ್ರೀನಾ ಒಂದೆರಡು ಸಲ ಕೇಳಿದ್ದಳು.

"ಒಬ್ಬರಿಗೆ" ಎಂದಷ್ಟೇ ಹೇಳಿ ಅಜ್ಜಿ ಮುಚ್ಚಳ ಮುಚ್ಚಿದ್ದಳು. "ಗಿರಾಕಿ ಹೆಸರು ಹೇಳಿದ್ರೆ ಗಿರಾಕಿ ಹೋಗ್ತಾನೆ."

ಟ್ರೀನಾಳನ್ನು ರೇಸಿಗೆ ಇಳಿಸಿದವನು ಅವಳ ಸೋದರಮಾವ ಲೋನಿ. ಅವನದು ಗುಜರಿ ಕಾರುಗಳ ಅಂಗಡಿ. ಯಾರೋ ಬಿಟ್ಟುಹೋದ ಒಂದು ಸಣ್ಣ ಕಾರಿನ ಗಾಜುಗಳನ್ನು ತೆಗೆದು, ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಬೆಸೆದು, ಎಲ್ಲಕ್ಕಿಂತ ಕೆಳಗಿನ ದರ್ಜೆಯ ರೇಸಿಗೆ ಅವಳನ್ನು ಕೂರಿಸಿದ. ಮೊದಲ ವರ್ಷ ಪಿಟ್‌ನಲ್ಲಿ ಅವಳ ಪಕ್ಕದಲ್ಲಿ ಯಾರೂ ಕಾರು ನಿಲ್ಲಿಸುತ್ತಿರಲಿಲ್ಲ. ಕೂದಲಲ್ಲಿ ಹಂಡೆಯ ವಾಸನೆ ಬರುತ್ತದೆ ಎನ್ನುತ್ತಿದ್ದರು.

"ಒಳ್ಳೇದೇ ಆಯ್ತು ಬಿಡೇ" ಎಂದ ಲೋನಿ. "ಟ್ರೈಲರ್ ತಿರುಗಿಸೋಕೆ ಜಾಗ ಸಿಕ್ತು."

ಎರಡನೆಯ ವರ್ಷ ಅವಳು ಆ ದರ್ಜೆಯಲ್ಲಿ ಗೆಲ್ಲತೊಡಗಿದಳು. ಮುಂದಿನ ದರ್ಜೆಗೆ ದೊಡ್ಡ ಕಾರು ಬೇಕಿತ್ತು. ಲೋನಿ ಕಟ್ಟಿದ ದೊಡ್ಡ ಕಾರಿಗೆ ಎಡಗಡೆಯ ಬಾಗಿಲು ಸಿಕ್ಕಲಿಲ್ಲ. ಸಿಕ್ಕಿದ ಒಂದೇ ಒಂದು ಬಾಗಿಲು ಕಡು ಹಸಿರು ಬಣ್ಣದ್ದು. ಬಣ್ಣ ಬಳಿಯಲು ಪುರುಸೊತ್ತಿರಲಿಲ್ಲ, ಹಾಗೇ ಜೋಡಿಸಿದ. ಕಡಲೆಕಾಯಿ ಹುಡುಗಿ, ಹಸಿರು ಬಾಗಿಲು. ಆ ಶನಿವಾರ ಪಿಟ್‌ನಲ್ಲಿ ಕೆಲವರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು, ಶವಯಾತ್ರೆ ಹೋಗುವಾಗ ಹಿಡಿದುಕೊಳ್ಳುವಂತೆ.

ಅವತ್ತು ಅವಳು ಎರಡನೆಯವಳಾಗಿ ಬಂದಳು. ಟ್ರ್ಯಾಕಿನಲ್ಲಿ ಎಲ್ಲರೂ ಎಡಕ್ಕೇ ತಿರುಗುವುದರಿಂದ, ಎಡ ಬಾಗಿಲು ಮೈದಾನದ ಒಳಬದಿಗಿರುತ್ತದೆ, ಗ್ಯಾಲರಿಯವರಿಗೆ ಕಾಣುವುದಿಲ್ಲ, ಅದಕ್ಕೇ ದೋಷ ತಟ್ಟಲಿಲ್ಲ ಎಂದು ತೀರ್ಮಾನವಾಯಿತು.

ಆ ಟ್ರ್ಯಾಕಿನ ಮೇಲ್ದರ್ಜೆಗೆ ಲೇಟ್ ಮಾಡೆಲ್ ಎಂದು ಹೆಸರು. ಅಲ್ಲಿ ಗೆದ್ದವರನ್ನು ದೊಡ್ಡ ಊರುಗಳ ರೇಸಿನವರು ಹುಡುಕಿಕೊಂಡು ಬರುತ್ತಾರೆ. ಅಲ್ಲಿಯ ರಾಜ ಡ್ವೇನ್ ಸ್ಪಿವಿ. ಅವನದು ಮನೆಗಳ ಶೌಚದ ಗುಂಡಿ ಖಾಲಿ ಮಾಡುವ ವ್ಯಾಪಾರ. ಕಾರಿನ ಹಿಂದಿನ ಬಂಪರ್ ಉದ್ದಕ್ಕೂ 'ಸ್ಪಿವಿ ಸೆಪ್ಟಿಕ್ ಟ್ಯಾಂಕ್: ನಿಮ್ಮದನ್ನು ನಾವು ಒಯ್ಯುತ್ತೇವೆ' ಎಂದು ಹಳದಿ ಅಕ್ಷರಗಳಲ್ಲಿ ಬರೆಸಿದ್ದ. ಜಾಹೀರಾತನ್ನು ಬಾಗಿಲ ಮೇಲೆ ಬರೆಸದೆ ಅಲ್ಲೇಕೆ ಎಂದು ಕೇಳಿದವರಿಗೆ ಅವನ ಉತ್ತರ ಸಿದ್ಧವಿತ್ತು: "ನನ್ನ ಕಾರಿನ ಬಾಗಿಲು ಯಾರಯ್ಯ ನೋಡ್ತಾರೆ? ಎಲ್ರೂ ಹಿಂದೇನೇ ತಾನೆ ಇರೋದು."

ಲೇಟ್ ಮಾಡೆಲ್ ಕಾರು ಲೋನಿಯ ಗುಜರಿಯಲ್ಲಿ ಹುಟ್ಟುವಂಥದ್ದಲ್ಲ. ಅದನ್ನು ಸಾಕುವ ಮಾಲೀಕ ಬೇಕು. ಅಂಥ ಒಬ್ಬ ಮಾಲೀಕ ಹೋಯ್ಟ್ ಕ್ರಂಪ್ಲರ್. ಟರ್ಕಿ ಕೋಳಿಗಳ ದೊಡ್ಡ ಫಾರಮ್ಮಿನ ಯಜಮಾನ, ಅಜ್ಜಿಯ ಜೊತೆ ಒಂದೇ ಶಾಲೆಯಲ್ಲಿ ಓದಿದವನು, ಊರಿನವರ ಬಾಯಲ್ಲಿ ಮಿಸ್ಟರ್ ಹೋಯ್ಟ್. ಇಡೀ ಟ್ರ್ಯಾಕಿನಲ್ಲಿ ಅವನಷ್ಟು ಶಕುನ ನೋಡುವವರು ಇನ್ನೊಬ್ಬರಿರಲಿಲ್ಲ. ಹಸಿರು ಅಂಗಿ ತೊಟ್ಟವರ ಕೈಯನ್ನು ಅವನು ಕುಲುಕುತ್ತಿರಲಿಲ್ಲ. ಪಿಟ್‌ನಲ್ಲಿ ಕಡಲೆಕಾಯಿ ಎಂಬ ಮಾತನ್ನೇ ಆಡುತ್ತಿರಲಿಲ್ಲ, 'ಆ ವಸ್ತು' ಎನ್ನುತ್ತಿದ್ದ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಡ್ರೈವರ್ ಟರ್ಕಿ ಲಾರಿಯಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡ. ಮಿಸ್ಟರ್ ಹೋಯ್ಟ್ ಲೋನಿಯ ಅಂಗಡಿಗೆ ಬಂದು ಟ್ರೀನಾಳನ್ನು ಕರೆಸಿದ.

"ನೀನು ಕಾರನ್ನ ಮುರೀದೆ ಮನೆಗೆ ತರ್ತೀಯ. ಅದು ನಂಗೆ ಹಿಡಿಸ್ತು. ಸೀಸನ್ನಿನ ಕೊನೇ ರೇಸು ನೀನೇ ಓಡಿಸು. ಮೊದಲ ಐದರೊಳಗೆ ಬಂದ್ರೆ ಮುಂದಿನ ವರ್ಷ ಪೂರ್ತಿ ಆ ಸೀಟು ನಿಂದು. ಇಲ್ಲ ಅಂದ್ರೆ ನನ್ನ ತಂಗಿ ಮಗನಿಗೆ ಕೊಡ್ಬೇಕು. ಅವಳು ದಿನಾ ಫೋನ್ ಮಾಡ್ತಿದಾಳೆ."

"ಆಗಲಿ ಮಿಸ್ಟರ್ ಹೋಯ್ಟ್."

"ಇನ್ನೊಂದು ಮಾತು." ಅವನು ಆಕಡೆ ಈಕಡೆ ನೋಡಿ ದನಿ ತಗ್ಗಿಸಿದ. "ಆ ವಸ್ತು. ನನ್ನ ಕಾರಿನ ಹತ್ರ ಅದರ ಒಂದು ಚೂರು ಸಿಪ್ಪೆ ಕಂಡ್ರೂ ಮಾತು ಮುಗೀತು."

ಟ್ರೀನಾ ಆ ರೇಸಿನ ವಾರ ಪೂರ್ತಿ ಅಜ್ಜಿಯ ಪಿಕಪ್ ಹತ್ತಲಿಲ್ಲ. ಶನಿವಾರ ಎರಡು ಸಲ ತಲೆಗೆ ಸ್ನಾನ ಮಾಡಿದಳು.

"ನನ್ನ ಕಂಡ್ರೆ ಕಾರು ಮುಟ್ಟುಗೋಲು ಹಾಕ್ತಾರಾ?" ಎಂದಳು ಅಜ್ಜಿ.

"ಇದೊಂದು ಸಲ ಅಜ್ಜಿ. ಗೇಟಿನ ಹತ್ರಾನೂ ಬರಬೇಡ."

"ನಾನ್ಯಾಕೆ ಬರ್ಲಿ? ಬರೋರು ಬರ್ತಾರೆ ನನ್ನ ಹತ್ರಕ್ಕೆ" ಎಂದು ಅಜ್ಜಿ ಸಣ್ಣ ಪಾತ್ರೆಗೆ ನೀರು ಸುರಿದಳು.

ಅವತ್ತಿನ ಅರ್ಹತಾ ಸುತ್ತಿನಲ್ಲಿ ಟ್ರೀನಾ ನಾಲ್ಕನೆಯವಳಾಗಿ ಬಂದಳು. ಕಾರುಗಳು ಆ ಒಂದೆರಡು ಸುತ್ತಿಗೆ ಮಾತ್ರ ಮುಂದಿನ ಜಾಲರಿಗೆ ಅಗಲವಾದ ಬೂದು ಟೇಪು ಅಂಟಿಸಿಕೊಳ್ಳುತ್ತವೆ. ಗಾಳಿ ಒಳಗೆ ನುಗ್ಗದಿದ್ದರೆ ಕಾರು ಟ್ರ್ಯಾಕಿಗೆ ಒತ್ತಿಕೊಂಡು ಓಡುತ್ತದೆ. ನೂರು ಸುತ್ತಿನ ನಿಜವಾದ ರೇಸಿಗೆ ಮುಂಚೆ ಆ ಟೇಪು ಕಿತ್ತು ಹಾಕಬೇಕು, ಇಲ್ಲದಿದ್ದರೆ ಇಂಜಿನ್ನಿಗೆ ಗಾಳಿ ಸಿಗದೆ ಒಳಗಿನ ನೀರು ಕುದಿಯುತ್ತದೆ. ಟೇಪು ಕೀಳುವುದು ಲೋನಿಯ ಕೆಲಸ. ಅದನ್ನು ಅವನು ಒಮ್ಮೆಯೂ ಮರೆತವನಲ್ಲ.

ರೇಸಿಗೆ ಇನ್ನೇನು ಕರೆ ಬರಬೇಕು. ಟ್ರೀನಾ ಸೀಟಿನಲ್ಲಿ ಕೂತಿದ್ದಳು. ಮಿಸ್ಟರ್ ಹೋಯ್ಟ್ ಕಿಟಕಿಯೊಳಗೆ ಅರ್ಧ ಮೈ ತೂರಿಸಿ, ಮೊದಲ ಐವತ್ತು ಸುತ್ತು ತಾಳ್ಮೆಯಿಂದಿರು, ಆಮೇಲೂ ತಾಳ್ಮೆಯಿಂದಿರು ಎಂದು ಹೇಳಿ ಹೋದ. ಅವನು ಹೋದಮೇಲೆ ಲೋನಿ ಬೆಲ್ಟು ಬಿಗಿಯಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ.

"ಟ್ರೀನಾ."

"ಏನು ಮಾವ?"

"ನಿನ್ನ ಎಡಗಾಲಿನ ಹತ್ರ ಏನದು?"

ಅವಳು ಕೆಳಗೆ ನೋಡಿದಳು. ಅರ್ಧ ಕಡಲೆಕಾಯಿ ಸಿಪ್ಪೆ. ಇನ್ನೂ ಒದ್ದೆಯಾಗಿತ್ತು.

ಪಿಟ್‌ನಲ್ಲಿ ಹಾವು ಬಂದಿದ್ದರೂ ಅಷ್ಟು ಗಲಿಬಿಲಿ ಆಗುತ್ತಿರಲಿಲ್ಲ. ಟ್ರೀನಾಳನ್ನು ಕೆಳಗೆ ಇಳಿಸಿದರು. ಒಬ್ಬ ಇಕ್ಕಳದಲ್ಲಿ ಸಿಪ್ಪೆಯನ್ನು ಎತ್ತಿಕೊಂಡು, ಮೈಯಿಂದ ದೂರ ಹಿಡಿದು, ಗೇಟಿನಾಚೆಗೆ ನಡೆದ. ಇನ್ನೊಬ್ಬ ಸೀಟು ಬಿಚ್ಚಿದ. ಮತ್ತೊಬ್ಬ ಗಾಳಿಯ ಪೈಪು ತಂದು ಮೂಲೆಮೂಲೆ ಊದಿದ. ಉಳಿದರ್ಧ ಸಿಪ್ಪೆ ಎಲ್ಲಿ ಎಂದು ಲೋನಿ ಟಾರ್ಚು ಹಿಡಿದು ಕಾರಿನಡಿ ಮಲಗಿದ. ಮಿಸ್ಟರ್ ಹೋಯ್ಟ್ ಓಡಿ ಬಂದ. ಅವನ ಮುಖ ಸುಣ್ಣದಂತಾಗಿತ್ತು.

"ಅಷ್ಟು ಹೇಳಿದ್ದೆ" ಎಂದ ಅವನು.

"ನಾನು ತಂದಿಲ್ಲ ಮಿಸ್ಟರ್ ಹೋಯ್ಟ್. ಜೇಬು ತೋರಿಸಿದೀನಿ, ಶೂ ಕೊಡವಿದೀನಿ."

"ಮತ್ತೆ ಅದೇನು ಕಾಲು ಬಂದು ನಡ್ಕೊಂಡು ಬಂತಾ?" ಅವನು ತಲೆ ಅಲ್ಲಾಡಿಸಿದ. "ಈಗ ಬೇರೆ ಡ್ರೈವರ್ ಇಲ್ಲ. ಓಡ್ಸು. ರೇಸ್ ಮುಗೀಲಿ, ಆಮೇಲೆ ಮಾತು."

ಸೀಟು ಮತ್ತೆ ಕೂರಿಸುವಷ್ಟರಲ್ಲಿ ಕರೆ ಬಂತು. ಟ್ರೀನಾ ಹೊರಟಳು. ಯಾರು ತಂದಿರಬಹುದು ಎಂದು ಯೋಚಿಸುತ್ತಲೇ ಅವಳು ಹಸಿರು ಬಾವುಟದ ಕೆಳಗೆ ಹಾದುಹೋದಳು.

ನಲವತ್ತು ಸುತ್ತು ಚೆನ್ನಾಗಿಯೇ ಹೋಯಿತು. ಆಮೇಲೆ ನೀರಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಮೊದಲು ಅವಳು ಮುಳ್ಳೇ ಕೆಟ್ಟಿದೆ ಎಂದುಕೊಂಡಳು. ಇಂಜಿನ್ನಿನಿಂದ ಹಂಡೆ ಕುದಿಯುವಂಥ ಸದ್ದು ಬಂದಾಗ ವೇಗ ಕಡಿಮೆ ಮಾಡಿದಳು. ಇಬ್ಬರು ಅವಳನ್ನು ದಾಟಿದರು. ಈಗ ಅವಳು ಆರನೆಯವಳು. ಲೋನಿ ಗ್ಯಾಲರಿಯ ತುದಿಯಲ್ಲಿ ನಿಂತು ರೇಡಿಯೊದಲ್ಲಿ ಅವಳಿಗೆ ದಾರಿ ಹೇಳುತ್ತಿದ್ದ.

"ಲೋನಿ ಮಾವ."

"ಹೇಳು."

"ಮುಂದಿನ ಟೇಪು ಕಿತ್ತಿದ್ರಾ?"

ಅವಳು ಇನ್ನೊಂದು ಸುತ್ತು ಮುಗಿಸಿದಳು.

"ಮಾವ?"

"ನಾವು ಸಿಪ್ಪೆ ಹುಡುಕ್ತಿದ್ವಿ" ಎಂದ ಲೋನಿ, ತುಂಬ ಸಣ್ಣ ದನಿಯಲ್ಲಿ.

ಟೇಪು ಕೀಳಲು ಪಿಟ್‌ಗೆ ಹೋದರೆ ಸಾಲಿನ ಕೊನೆಗೆ ಬೀಳುತ್ತಾಳೆ. ಹೋಗದಿದ್ದರೆ ಇಂಜಿನ್ನು ಸುಟ್ಟುಹೋಗುತ್ತದೆ. ಎರಡರಲ್ಲೂ ಸೀಟು ಹೋಗುವುದು ಖಂಡಿತ. ಟ್ರೀನಾ ಮುಂದೆ ನೋಡಿದಳು. ಕಣ್ಣೆದುರಿಗೇ ಹಳದಿ ಅಕ್ಷರಗಳು: ನಿಮ್ಮದನ್ನು ನಾವು ಒಯ್ಯುತ್ತೇವೆ. ಟೈರು ಸವೆದು ಐದನೆಯ ಸ್ಥಾನಕ್ಕೆ ಇಳಿದಿದ್ದ ಡ್ವೇನ್ ಸ್ಪಿವಿ. ಅವನ ಬಂಪರಿನ ಬಲ ಮೂಲೆ ಯಾವುದೋ ಗುದ್ದಿಗೆ ಬಿರುಕು ಬಿಟ್ಟು, ಚೂಪಾಗಿ ಹೊರಗೆ ಚಾಚಿಕೊಂಡಿತ್ತು.

ಒಯ್ಯುತ್ತೇನೆ ಎಂದು ಅವನೇ ಬರೆಸಿಕೊಂಡಿದ್ದಾನೆ, ಒಯ್ಯಲಿ ಎಂದುಕೊಂಡಳು ಟ್ರೀನಾ.

ತಿರುವಿನಲ್ಲಿ ತಗುಲಿಸಿದರೆ ಮುಂದಿನ ಕಾರು ಗಿರಕಿ ಹೊಡೆಯುತ್ತದೆ, ಅದು ದ್ರೋಹ. ನೇರ ದಾರಿಯಲ್ಲಿ ಮೆಲ್ಲಗೆ ತಗುಲಿಸುವುದಕ್ಕೆ ಅಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅವಳು ನೇರ ದಾರಿಗೆ ಬರುವವರೆಗೆ ಕಾದು, ಹಂಡೆಯ ನೀರು ತುಳುಕದಷ್ಟು ಮೆಲ್ಲಗೆ ತನ್ನ ಕಾರಿನ ಮೂತಿಯನ್ನು ಅವನ ಬಂಪರಿಗೆ ಒರಗಿಸಿದಳು, ಸ್ವಲ್ಪ ಎಡಕ್ಕೆ ಜಾರಿಸಿದಳು. ಏನೂ ಆಗಲಿಲ್ಲ. ಸ್ಪಿವಿ ಕಿಟಕಿಯಿಂದ ಕೈ ಹೊರಹಾಕಿ ಮುಷ್ಟಿ ತೋರಿಸಿದ. ಮುಂದಿನ ಸುತ್ತಿನಲ್ಲಿ ಮತ್ತೆ ಒರಗಿಸಿದಳು. ಮುಷ್ಟಿ ಇನ್ನಷ್ಟು ಹೊರಗೆ ಬಂತು. ಅದರ ಮುಂದಿನ ಸಲ ಪರ್ ಎಂದು ಸದ್ದಾಯಿತು. ಟೇಪಿನ ಅಂಚು ಆ ಚೂಪು ಮೂಲೆಗೆ ಸಿಕ್ಕಿಕೊಂಡು ಉದ್ದಕ್ಕೆ ಕಿತ್ತುಕೊಂಡು ಬಂತು. ಸ್ಪಿವಿಯ ಕಾರಿಗೆ ಉದ್ದನೆಯ ಬೂದು ಬಾಲ ಬೆಳೆದು ಗಾಳಿಯಲ್ಲಿ ಅಲ್ಲಾಡತೊಡಗಿತು.

ಗ್ಯಾಲರಿಯಲ್ಲಿ ನಗುವಿನ ಅಲೆ ಎದ್ದದ್ದು ಹೆಲ್ಮೆಟ್ಟಿನ ಒಳಗೂ ಕೇಳಿಸಿತು.

"ಮಾವ, ಟೇಪು ಹೋಯ್ತು."

"ಕಂಡಿತು" ಎಂದ ಲೋನಿ. "ಇಡೀ ತಾಲೂಕಿಗೇ ಕಂಡಿತು."

ಮುಳ್ಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಅವಳು ಕಾದಳು. ಕೊನೆಯ ಹತ್ತು ಸುತ್ತು ಉಳಿದಾಗ ಕುದಿಯುವ ಸದ್ದು ನಿಂತಿತ್ತು. ಅವಳು ಮತ್ತೆ ಹಿಂದಿನಿಂದ ಒರಗುತ್ತಾಳೆಂದು ಸ್ಪಿವಿ ಕನ್ನಡಿಯನ್ನೇ ನೋಡುತ್ತಿದ್ದ. ಕನ್ನಡಿ ನೋಡುತ್ತ ತಿರುವಿನಲ್ಲಿ ಒಂದು ಮಾರು ಹೊರಕ್ಕೆ ಸರಿದ. ಟ್ರೀನಾ ಒಳಬದಿಯಿಂದ, ಅವನನ್ನು ಮುಟ್ಟದೆ, ಸದ್ದಿಲ್ಲದೆ ದಾಟಿದಳು. ರೇಸ್ ಮುಗಿಯಿತೆಂದು ಚೌಕಳಿ ಬಾವುಟ ಬೀಸಿದಾಗ ಅವಳು ಐದನೆಯವಳು.

ಪಿಟ್‌ಗೆ ಬಂದು ಅವಳು ಕೆಳಗಿಳಿಯುವಷ್ಟರಲ್ಲಿ ಸ್ಪಿವಿ ಬಾಲವನ್ನು ಕೈಗೆ ಸುತ್ತಿಕೊಂಡು ಎದುರಿಗೆ ನಿಂತಿದ್ದ.

"ಇದು ನಿಂದಾ?"

"ಹೌದು ಮಿಸ್ಟರ್ ಸ್ಪಿವಿ. ಒಯ್ತೀವಿ ಅಂತ ಬರ್ಕೊಂಡಿದ್ರಲ್ಲ."

ಸ್ಪಿವಿ ತಿರುಗಿ ನೋಡಿದ. ಅವನ ಹುಡುಗರೇ ನಗುತ್ತಿದ್ದರು. ಟೇಪನ್ನು ಅವಳ ಕೈಗೆ ತುರುಕಿ ಹೊರಟುಹೋದ.

ಮಿಸ್ಟರ್ ಹೋಯ್ಟ್ ಮಾತ್ರ ನಗಲಿಲ್ಲ. ಟ್ರೀನಾ, ಲೋನಿ, ಅವನು ಮೂವರೂ ಗೇಟಿನತ್ತ ನಡೆದರು. ಅಲ್ಲಿ ಸಿಪ್ಪೆ ಹೊತ್ತೊಯ್ದವನು ಅದನ್ನು ಬೇಲಿಯಾಚೆ ಒಂದು ಕಲ್ಲಿನ ಮೇಲೆ ಇಟ್ಟು ಕಾವಲು ನಿಂತಿದ್ದ. ಸುದ್ದಿ ಕೇಳಿದ ಅಜ್ಜಿಯೂ ಸೌಟು ಹಿಡಿದುಕೊಂಡೇ ಬಂದು ಬೇಲಿಯಾಚೆ ನಿಂತಿದ್ದಳು.

"ಐದನೇ ಸ್ಥಾನ ಬಂತು, ಒಪ್ಕೋತೀನಿ" ಎಂದ ಮಿಸ್ಟರ್ ಹೋಯ್ಟ್. "ಆದರೆ ಸಿಪ್ಪೇನೂ ಬಂತು. ಆರ್ಡೆಲ್, ಅದು ನಿನ್ನ ಹಂಡೇದು ತಾನೆ?"

ಅಜ್ಜಿ ಕಲ್ಲಿನ ಮೇಲಿನ ಸಿಪ್ಪೆಯನ್ನು ಎತ್ತಿ ನೋಡಿದಳು. ನಾಲಗೆಯ ತುದಿಗೆ ತಾಗಿಸಿದಳು. ಕಾವಲಿನವನು ಒಂದು ಹೆಜ್ಜೆ ಹಿಂದೆ ಸರಿದ.

"ಹಂಡೇದಲ್ಲ" ಎಂದಳು ಅಜ್ಜಿ. "ಸಪ್ಪೆ ಇದೆ."

ಅಷ್ಟು ಹೇಳಿ ಸುಮ್ಮನಾದಳು. ಹೆಸರು ಹೇಳಿದರೆ ಗಿರಾಕಿ ಹೋಗುತ್ತಾನೆ. ಆದರೆ ಟ್ರೀನಾಳಿಗೆ ಸಣ್ಣ ಪಾತ್ರೆ ನೆನಪಾಯಿತು. ಡಾಕ್ಟರು ಮಿಸ್ಟರ್ ಹೋಯ್ಟ್‌ಗೆ ಉಪ್ಪು ಬಿಡಿಸಿದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ. ರೇಸಿಗೆ ಮುಂಚೆ ಕಾರಿನ ಕಿಟಕಿಯಲ್ಲಿ ಅರ್ಧ ಮೈ ತೂರಿಸಿದವನೂ ಅವನೊಬ್ಬನೇ. ಅವಳು ಅವನ ಅಂಗಿಯ ಜೇಬು ನೋಡಿದಳು. ಅಂಗೈಯಗಲ ಒದ್ದೆ ಕಲೆ.

ಎಲ್ಲರಿಗೂ ಕೇಳುವಂತೆ ಹೇಳಿಬಿಡಬಹುದಿತ್ತು. ಲೋನಿ, ಕಾವಲಿನವನು, ಗೇಟಿನ ಮುದುಕ, ಮೂವರೂ ಕಿವಿ ನಿಮಿರಿಸಿಕೊಂಡು ನಿಂತಿದ್ದರು. ಆದರೆ ಈ ಮುದುಕನ ಮಾನ ಹೋದರೆ ಆ ಕಾರಿನಲ್ಲಿ ಮತ್ತೆ ಕೂರಲು ತನಗೂ ಮನಸ್ಸಾಗುವುದಿಲ್ಲ ಎನಿಸಿತು ಅವಳಿಗೆ. ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು:

"ಮಿಸ್ಟರ್ ಹೋಯ್ಟ್, ನಿಮ್ಮ ಜೇಬು ಸೋರ್ತಿದೆ."

ಅವನ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. ಒಳಗೆ ಏನೋ ಮೆತ್ತಗೆ ಒತ್ತಿಕೊಂಡಿತು. ಅವನು ಕೈಯನ್ನು ಅಲ್ಲೇ ಇಟ್ಟುಕೊಂಡ.

"ಸಿಪ್ಪೆ ಬಂದ್ರೂ ಗೋಡೆಗೆ ಬಡೀಲಿಲ್ಲ ಅಲ್ವಾ ಇವತ್ತು" ಎಂದ, ಎಲ್ಲರಿಗೂ ಕೇಳುವಂತೆ. "ಅಂದ್ರೆ ಈ ಹುಡುಗಿಗೆ ಅದರ ದೋಷ ತಟ್ಟಲ್ಲ. ಸೀಟು ಅವಳದೇ. ತಂಗಿಗೆ ನಾನು ಹೇಳ್ಕೋತೀನಿ."

"ಒಂದು ಸಣ್ಣ ಮಾತಿದೆ" ಎಂದಳು ಟ್ರೀನಾ. "ಕಾರಿನ ಮೇಲೆ ಒಂದು ಹೆಸರು ಬರೆಸ್ಬೇಕಿತ್ತು."

ಯಾವ ಹೆಸರು ಎಂದು ಅವನು ಕೇಳಲಿಲ್ಲ. ಅಜ್ಜಿಯ ಕಡೆ ನೋಡಿದ. ಅಜ್ಜಿ ಸೌಟನ್ನು ಏಪ್ರನ್ನಿಗೆ ಒರೆಸುತ್ತಿದ್ದಳು.

"ಬಾನೆಟ್ ಮೇಲೆ ಬೇಡ" ಎಂದ ಅವನು ಬೇಡಿಕೊಳ್ಳುವ ದನಿಯಲ್ಲಿ. "ಬಾಗಿಲ ಮೇಲೂ ಬೇಡ. ನನ್ನ ಕಣ್ಣಿಗೆ ಬೀಳಬಾರದು."

"ಹಿಂದಿನ ಬಂಪರ್ ಆಗ್ಬಹುದಾ?"

ಅವನು ಯೋಚಿಸಿದ. "ನಾನು ಯಾವಾಗ್ಲೂ ಮುಂದೆ ನಿಂತಿರ್ತೀನಿ. ಆಗ್ಲಿ."

ಮರುವರ್ಷ ಮೊದಲ ರೇಸಿಗೆ ಬಂದ ಕಾರಿನ ಹಿಂದೆ ಬಿಳಿ ಅಕ್ಷರಗಳಿದ್ದವು: 'ಆರ್ಡೆಲ್ ಬೇಯಿಸಿದ ಕಡಲೆಕಾಯಿ, ಗೇಟಿನ ಹೊರಗೆ ಎಡಕ್ಕೆ.' ಅವತ್ತು ಟ್ರೀನಾ ಮೊದಲನೆಯವಳಾಗಿ ಬಂದಳು, ಡ್ವೇನ್ ಸ್ಪಿವಿ ಎರಡನೆಯವನಾಗಿ. ಟ್ರೋಫಿ ಕೊಟ್ಟು ಫೋಟೊ ತೆಗೆದು ಮುಗಿದ ಮೇಲೆ ಅವಳು ಪಿಕಪ್ಪಿನ ಹತ್ತಿರ ಬಂದಾಗ, ಹಂಡೆಯ ಮುಂದೆ ಸ್ಪಿವಿ ನಿಂತಿದ್ದ, ಹೆಲ್ಮೆಟ್ಟು ಇನ್ನೂ ಕಂಕುಳಲ್ಲೇ ಇತ್ತು.

"ಇವತ್ತು ಪೂರ್ತಿ ನಿಮ್ಮ ಹೆಸರೊಂದನ್ನೇ ಓದ್ಕೊಂಡು ಬಂದೆ" ಎಂದ ಅವನು ಅಜ್ಜಿಗೆ. "ಹಸಿವಾಯ್ತು. ಒಂದು ಪೊಟ್ಟಣ ಕೊಡಿ."

ಅಜ್ಜಿ ಹಂಡೆಯಿಂದ ಒಂದು ಸೌಟು ತುಂಬಿ ತೆಗೆದಳು. ಸ್ಪಿವಿ ಪಕ್ಕದ ಸಣ್ಣ ಪಾತ್ರೆಯ ಕಡೆ ಕೈ ತೋರಿಸಿ ಅದರಲ್ಲೇನು ಎಂದು ಕೇಳಿದ.

"ಅದು ಬೇರೆಯವರದು" ಎಂದು ಅಜ್ಜಿ ಮುಚ್ಚಳ ಮುಚ್ಚಿದಳು.